48 ಕೋರ್ ಸರ್ವರ್ ಕೋಟೇಶನ್: ಲೈಸೆನ್ಸ್ ರೊಕ್ಕ ಇಷ್ಟ್ಯಾಕ ಏರ್ತದ?

ತೊಗರಿ_ಸರ್ವರ್ (ಕಲಬುರಗಿ):
ನಮಸ್ಕಾರ್ರಿ. ದಾಲ್ ಮಿಲ್ಲಿನ ಇಆರ್‌ಪಿ (ಲೆಕ್ಕ, ಸ್ಟಾಕ್ ಎಲ್ಲ ನೋಡ್ಕೊಳ್ಳೋ ಸಾಫ್ಟ್‌ವೇರ್) ಸರ್ವರ್ ಬದಲಿ ಮಾಡೋದದ. ಹಳೇದು ಎರಡು ಸಾಕೆಟ್ (ಪ್ರೊಸೆಸರ್ ಚಿಪ್ ಕೂಡೋ ಜಾಗ), ಒಂದೊಂದ್ರಾಗ 8 ಕೋರ್ (ಚಿಪ್ ಒಳಗ ಕೆಲಸ ಮಾಡೋ ಘಟಕ). ಹೊಸದಕ್ಕ ವೆಂಡರ್ ಎರಡು 24 ಕೋರ್ ಪ್ರೊಸೆಸರ್ ಹಾಕ್ಯಾರ. ಹಾರ್ಡ್‌ವೇರ್ ರೇಟಿನಾಗ ದೊಡ್ಡ ಫರಕ್ ಇಲ್ಲ, ಆದ್ರ ಎಸ್‌ಕ್ಯೂಎಲ್ ಸರ್ವರ್ ಸ್ಟ್ಯಾಂಡರ್ಡ್ (ಡೇಟಾಬೇಸ್), ವಿಂಡೋಸ್ ಸರ್ವರ್, ವಿಎಂವೇರ್ (ಒಂದೇ ಮಷಿನ್ನಿನಾಗ ಹಲವು ವರ್ಚುವಲ್ ಸರ್ವರ್ ನಡೆಸೋದು) ಮೂರೂ ಕೂಡಿ ಮಷಿನ್ನಿಗಿಂತ ಲೈಸೆನ್ಸೇ ತುಟ್ಟಿ ಆಗ್ಯದ. ಮೂರು ವಿಎಂ (ವರ್ಚುವಲ್ ಸರ್ವರ್) ಅವ: ಡೇಟಾಬೇಸ್, ಅಪ್ಲಿಕೇಶನ್, ಡೊಮೇನ್ ಕಂಟ್ರೋಲರ್ (ಲಾಗಿನ್ ನೋಡ್ಕೊಳ್ಳೋದು). ಬಳಸೋರು 60 ಮಂದಿ, ತೊಗರಿ ಸೀಸನ್ನಿನಾಗ 80. ಡೇಟಾಬೇಸ್ ವಿಎಂಗ 8 ವಿಸಿಪಿಯು (ವಿಎಂಗೆ ಕೊಡೋ ವರ್ಚುವಲ್ ಕೋರ್) ಸಾಕು. ಬಯಾಸ್‌ನಾಗ (ಮಷಿನ್ನಿನ ಮೂಲ ಸೆಟ್ಟಿಂಗ್) ಅರ್ಧ ಕೋರ್ ಬಂದ್ ಮಾಡಿದ್ರ ಲೆಕ್ಕ ಇಳೀತದೇನು?

ಶಹಾಬಾದ್_ಕಲ್ಲು:
ಬಯಾಸ್ ದಾರಿ ಹಿಡಿಯಬೇಡಿ. ಫರ್ಮ್‌ವೇರ್ ಅಪ್‌ಡೇಟ್ ಆಗಿ ಸೆಟ್ಟಿಂಗ್ ಮೊದಲಿನಂತಾದರೆ ಆಡಿಟ್‌ನಲ್ಲಿ ತೋರಿಸಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಹೈಪರ್‌ಥ್ರೆಡಿಂಗ್ (ಒಂದು ಕೋರ್ ಎರಡಾಗಿ ಕಾಣುವುದು) ಬಂದ್ ಮಾಡಿದರೂ, ಎಸ್‌ಕ್ಯೂಎಲ್‌ಗೆ ಪ್ರೊಸೆಸರ್ ಅಫಿನಿಟಿ (ಇಂತಿಷ್ಟೇ ಕೋರ್ ಬಳಸು ಎಂಬ ಕಟ್ಟು) ಹಾಕಿದರೂ ಲೈಸೆನ್ಸ್ ಕಡಿಮೆಯಾಗುವುದಿಲ್ಲ. ಫಿಸಿಕಲ್ ಸರ್ವರ್‌ಗೆ ಎಣಿಸುವುದು ಫಿಸಿಕಲ್ ಕೋರ್‌ಗಳನ್ನೇ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಸಾಕೆಟ್, ಕೋರ್, ಲಾಜಿಕಲ್ ಪ್ರೊಸೆಸರ್ ಎಂದು ಮೂರು ಸಂಖ್ಯೆ ಇರುತ್ತವಲ್ಲ, ಬೇಕಾದದ್ದು ನಡುವಿನದು.

ಮೂರು ಸಾಫ್ಟ್‌ವೇರ್‌ಗಳ ಕನಿಷ್ಠ ಮಿತಿ ಬೇರೆ ಬೇರೆ. ರೊಕ್ಕ ಹೋಗುವುದು ಅಲ್ಲೇ. ವಿಂಡೋಸ್ ಸರ್ವರ್ (2016ರಿಂದ) ಒಂದು ಪ್ರೊಸೆಸರ್‌ಗೆ ಕನಿಷ್ಠ 8, ಒಂದು ಸರ್ವರ್‌ಗೆ ಕನಿಷ್ಠ 16 ಕೋರ್ ಕೇಳುತ್ತದೆ. ಸ್ಟ್ಯಾಂಡರ್ಡ್‌ನಲ್ಲಿ ಎಲ್ಲ ಕೋರ್‌ಗೂ ಒಮ್ಮೆ ಕಟ್ಟಿದರೆ ಸಿಗುವುದು ಎರಡು ವಿಎಂ ಹಕ್ಕು ಮಾತ್ರ. ನಿಮ್ಮವು ಮೂರು, ಅಂದರೆ ಎಲ್ಲ ಕೋರ್‌ಗೂ ಎರಡನೇ ಸಲ ಕಟ್ಟಬೇಕು. 48 ಕೋರ್ ಮಷಿನ್‌ಗೆ 96 ಕೋರ್ ಲೈಸೆನ್ಸ್. 16 ಕೋರ್ ಮಷಿನ್‌ಗೆ 32. ವಿಎಂವೇರ್ ಈಗ ಕೋರ್ ಲೆಕ್ಕದ ಸಬ್‌ಸ್ಕ್ರಿಪ್ಶನ್, ಒಂದು ಸಿಪಿಯುಗೆ ಕನಿಷ್ಠ 16. ಹಾಗಾಗಿ ಎರಡು 8 ಕೋರ್ ಚಿಪ್ ಹಾಕಿದರೆ ಇರುವುದು 16 ಕೋರ್, ಬಿಲ್ ಮಾತ್ರ 32ಕ್ಕೆ.

ಹಾಗಾಗಿ ನಿಮಗೆ ಸರಿಹೋಗುವುದು ಒಂದೇ ಸಾಕೆಟ್, 16 ಕೋರ್, ಹೆಚ್ಚು ಕ್ಲಾಕ್ ಇರುವ ಚಿಪ್. ಎಎಂಡಿ ಎಪಿಕ್ 9174ಎಫ್ ಇಂಥದ್ದೇ: 16 ಕೋರ್, ಬೇಸ್ ಕ್ಲಾಕ್ 4.1 ಗಿಗಾಹರ್ಟ್ಸ್. ಚಿಪ್ ತುಸು ತುಟ್ಟಿ ಅನ್ನಿಸಬಹುದು, ಆದರೆ ಅದು ಒಂದೇ ಸಲದ ಖರ್ಚು.

ಎಸ್‌ಕ್ಯೂಎಲ್ 2022 ಸ್ಟ್ಯಾಂಡರ್ಡ್‌ನ ಅಮೆರಿಕದ ಪಟ್ಟಿ ಬೆಲೆ ಎರಡು ಕೋರ್ ಪ್ಯಾಕ್‌ಗೆ 3,945 ಡಾಲರ್. 48 ಫಿಸಿಕಲ್ ಕೋರ್‌ಗೂ ಕಟ್ಟಿದರೆ 24 ಪ್ಯಾಕ್, 94,680 ಡಾಲರ್. ತಮಾಷೆ ಅಂದರೆ ಆ ಆವೃತ್ತಿಯ ಸ್ಟ್ಯಾಂಡರ್ಡ್ 24 ಕೋರ್‌ಗಿಂತ ಹೆಚ್ಚು ಬಳಸುವುದೇ ಇಲ್ಲ. ಡೇಟಾಬೇಸ್ ವಿಎಂ ಒಂದಕ್ಕೇ ಕಟ್ಟಿದರೆ 8 ವಿಸಿಪಿಯುಗೆ 4 ಪ್ಯಾಕ್, 15,780 ಡಾಲರ್ (ವಿಎಂಗೆ ಕನಿಷ್ಠ 4 ಕೋರ್). 2022ರಿಂದ ಹೀಗೆ ವಿಎಂ ಲೆಕ್ಕದಲ್ಲಿ ಕೋರ್ ಕಟ್ಟಬೇಕಾದರೆ ಸಾಫ್ಟ್‌ವೇರ್ ಅಶ್ಯೂರೆನ್ಸ್ (ಲೈಸೆನ್ಸ್ ಜೊತೆಗಿನ ಮೈಕ್ರೋಸಾಫ್ಟ್ ಒಪ್ಪಂದ) ಅಥವಾ ಸಬ್‌ಸ್ಕ್ರಿಪ್ಶನ್ ಕಡ್ಡಾಯ. ಕೋಟೇಶನ್‌ನಲ್ಲಿ ಆ ಸಾಲು ಇದೆಯೇ ನೋಡಿ. ಡಾಲರ್ ದರದ ಮೇಲೆ 18% ಜಿಎಸ್‌ಟಿ ಬೇರೆ.

ಯಾದಗಿರಿ_ನೆಟ್‌ವರ್ಕ್:
ಎಸ್‌ಕ್ಯೂಎಲ್‌ಗ ಸರ್ವರ್ ಪ್ಲಸ್ ಕ್ಯಾಲ್ (ಸರ್ವರ್‌ಗೆ ಒಂದು ಲೈಸೆನ್ಸ್, ಬಳಸೋ ಒಬ್ಬೊಬ್ಬರಿಗೆ ಇಲ್ಲಾ ಒಂದೊಂದು ಕಂಪ್ಯೂಟರ್‌ಗೆ ಕ್ಯಾಲ್ ಅನ್ನೋ ಲೈಸೆನ್ಸ್) ಯಾಕ ಬಿಟ್ರಿ? ಸರ್ವರ್ ಲೈಸೆನ್ಸ್ 989, ಕ್ಯಾಲ್ ಒಂದಕ್ಕ 230 ಡಾಲರ್. 80 ಮಂದಿಗೆ 18,400, ಒಟ್ಟು 19,389. ಕೋರ್ ಎಷ್ಟಿದ್ರೂ ಇದಕ್ಕ ಸಂಬಂಧ ಇಲ್ಲ. ಅದ್ರಾಗೂ ಯೂಸರ್ ಕ್ಯಾಲ್, ಡಿವೈಸ್ ಕ್ಯಾಲ್ ಎರಡೂ ಕಲಸಿ ತಗೋಬಹುದು. ವೇಬ್ರಿಡ್ಜ್ ಕ್ಯಾಬಿನ್ನಿನಾಗ ಒಂದೇ ಕಂಪ್ಯೂಟರ್, ಮೂರು ಪಾಳಿ, ಮೂರು ಕ್ಲರ್ಕ್ ಇದ್ರ ಅಲ್ಲಿ ಡಿವೈಸ್ ಕ್ಯಾಲ್ ಒಂದೇ ಸಾಕು. ಸೀಸನ್ನಿಗೆ ಬರೋ ಹೆಚ್ಚಿನ 20 ಮಂದಿ ಇಂಥ ಹಂಚಿಕೊಳ್ಳೋ ಮಷಿನ್ ಮ್ಯಾಲೇ ಕೂಡ್ತಾರಂದ್ರ ಕ್ಯಾಲ್ ಭಾಳ ಇಳೀತಾವ.

ಆದ್ರ ಒಂದು ಮಾತು. ಇಆರ್‌ಪಿ ಒಂದೇ ಲಾಗಿನ್‌ನಿಂದ ಡೇಟಾಬೇಸ್‌ಗೆ ಹೋಗ್ತದ, ಹಂಗಾಗಿ ಕ್ಯಾಲ್ ಒಂದೇ ಸಾಕು ಅಂತ ಯಾರರ ಹೇಳಿದ್ರ ನಂಬಬ್ಯಾಡ್ರಿ. ನಡುವ ಏನೇ ಇದ್ರೂ ತುದಿಯಾಗ ಕೂತ ಮಂದಿನ್ನೇ ಎಣಿಸ್ತಾರ. ನಾಳೆ ದಲಾಲರಿಗೆ, ರೈತರಿಗೆ ವೆಬ್ ಪೋರ್ಟಲ್ ತೆರೀತೀವಿ ಅನ್ನೋ ವಿಚಾರ ಇದ್ರ ಕ್ಯಾಲ್ ಬಿಟ್ಟು ಕೋರ್ ಲೆಕ್ಕಕ್ಕೇ ಹೋಗ್ರಿ. ವಿಂಡೋಸ್ ಸರ್ವರ್ ಕ್ಯಾಲ್ ಇದ್ರಿಂದ ಪೂರಾ ಬೇರೆ, ಅವನ್ನೂ ತಗೋಬೇಕು.

ಬೀದರ್_ಡಿಬಿಎ:
ಎಲ್ಲರೂ ಲೈಸೆನ್ಸ್ ಹೇಳಿದ್ರಿ, ವಿಎಂ ಸೆಟ್ಟಿಂಗ್ ಯಾರೂ ಹೇಳ್ಲಿಲ್ಲ. 2022 ಸ್ಟ್ಯಾಂಡರ್ಡ್‌ನ ಮಿತಿ 4 ಸಾಕೆಟ್ ಇಲ್ಲಾ 24 ಕೋರ್, ಯಾವುದು ಕಮ್ಮಿಯೋ ಅದು. 8 ವಿಸಿಪಿಯು ಕೊಟ್ಟಾಗ ‘ಕೋರ್ಸ್ ಪರ್ ಸಾಕೆಟ್’ 1 ಅಂತ ಉಳಿದ್ರ ವಿಎಂ ಒಳಗ 8 ಸಾಕೆಟ್ ಕಾಣ್ತಾವ, ಎಸ್‌ಕ್ಯೂಎಲ್ ನಾಲ್ಕೇ ಬಳಸ್ತದ. ಎಂಟಕ್ಕ ರೊಕ್ಕ, ನಾಲ್ಕರ ಕೆಲಸ. ವಿಎಂ ಆಫ್ ಮಾಡಿ ‘ಕೋರ್ಸ್ ಪರ್ ಸಾಕೆಟ್’ 8 ಮಾಡ್ರಿ, ಚಾಲೂ ಮಾಡಿ ಎಸ್‌ಕ್ಯೂಎಲ್ ಎರರ್ ಲಾಗ್ ತೆಗೀರಿ. ಶುರುವಿನ ಸಾಲಿನ್ಯಾಗೇ ಎಷ್ಟು ಸಾಕೆಟ್ ಕಂಡ್ವು, ಎಷ್ಟು ಲಾಜಿಕಲ್ ಪ್ರೊಸೆಸರ್ ಬಳಸ್ತದ ಅಂತ ಬರ್ದಿರ್ತದ.

ಇಆರ್‌ಪಿ ಕಂಪನಿಯವ್ರು ಮುಂದ ಒರಾಕಲ್‌ಗೆ (ಇನ್ನೊಂದು ಡೇಟಾಬೇಸ್) ಹೋಗ್ತೀವಿ ಅಂದ್ರ ಲೆಕ್ಕ ಬೇರೆ. ಎಂಟರ್‌ಪ್ರೈಸ್ ಎಡಿಷನ್‌ಗೆ ಇಂಟೆಲ್, ಎಎಂಡಿ ಕೋರ್ ಫ್ಯಾಕ್ಟರ್ (ಕೋರ್ ಸಂಖ್ಯೆಗೆ ಗುಣಿಸೋ ಅಂಕಿ) 0.5, 48 ಕೋರ್ ಅಂದ್ರ 24 ಪ್ರೊಸೆಸರ್, ಪಟ್ಟಿ ಬೆಲೆ ಒಂದಕ್ಕ 47,500 ಡಾಲರ್, ಮ್ಯಾಲೆ ವರ್ಷಕ್ಕ 22% ಸಪೋರ್ಟ್. ವಿಎಂವೇರ್‌ನಾಗ 8 ವಿಸಿಪಿಯು ಕೊಟ್ಟೀನಿ ಅಂದ್ರ ಒರಾಕಲ್ ಒಪ್ಪಂಗಿಲ್ಲ, ಅದನ್ನ ಸಾಫ್ಟ್ ಪಾರ್ಟಿಶನಿಂಗ್ (ಸಾಫ್ಟ್‌ವೇರ್‌ನಿಂದ ಮಾಡಿದ ಹಂಚಿಕೆ) ಅಂತದ, ಪೂರಾ ಹೋಸ್ಟ್ (ವಿಎಂ ಓಡೋ ಮಷಿನ್) ಎಣಿಸ್ತದ. ನಿಮ್ಮ ಅಳತಿಗೆ ಸ್ಟ್ಯಾಂಡರ್ಡ್ ಎಡಿಷನ್ 2 ಸಾಕು. ಅದು ಕೋರ್ ನೋಡಂಗಿಲ್ಲ, ಸಾಕೆಟ್ ನೋಡ್ತದ, ಒಂದಕ್ಕ 17,500. ಒಂದು ಡೇಟಾಬೇಸ್ 16 ಥ್ರೆಡ್ ಮೀರಿ ಬಳಸಂಗಿಲ್ಲ, ಅಷ್ಟ.

ತೊಗರಿ_ಸರ್ವರ್:
ಒಂದೇ ಸಾಕೆಟ್ ಆದ್ರ ಮೆಮೊರಿ ಕಮ್ಮಿ ಬೀಳ್ತದಲ್ರಿ? ಮತ್ತ ವಿಎಂವೇರ್ ಬಿಟ್ರ?

ಶಹಾಬಾದ್_ಕಲ್ಲು:
ಬೀಳುವುದಿಲ್ಲ. 9174ಎಫ್ ಚಿಪ್ಪಿಗೆ 12 ಮೆಮೊರಿ ಚಾನೆಲ್ ಇವೆ. 16 ಜಿಬಿಯ 12 ಡಿಮ್ (ಮೆಮೊರಿ ಪಟ್ಟಿ) ಹಾಕಿದರೆ 192 ಜಿಬಿ. ಎಸ್‌ಕ್ಯೂಎಲ್ 2022 ಸ್ಟ್ಯಾಂಡರ್ಡ್ ಬಫರ್ ಪೂಲ್‌ಗೆ (ಡೇಟಾ ಹಿಡಿದಿಡುವ ಮೆಮೊರಿ) 128 ಜಿಬಿ ದಾಟುವುದಿಲ್ಲ, ಉಳಿದದ್ದು ಇನ್ನೆರಡು ವಿಎಂಗೆ ಧಾರಾಳ. ನಾಲ್ಕು ದೊಡ್ಡ ಡಿಮ್ ಹಾಕಿ ಕೈ ತೊಳೆದುಕೊಳ್ಳುವ ವೆಂಡರ್‌ಗಳಿದ್ದಾರೆ, ಎಂಟು ಚಾನೆಲ್ ಖಾಲಿ ಬಿದ್ದು ಬ್ಯಾಂಡ್‌ವಿಡ್ತ್ ಹೋಗುತ್ತದೆ. ಡಿಮ್ ಸಂಖ್ಯೆಯನ್ನು ಪರ್ಚೇಸ್ ಆರ್ಡರ್‌ನಲ್ಲೇ ಬರೆಸಿ.

ಒಂದೇ ಹೋಸ್ಟ್ ಇದ್ದು, ಬ್ಯಾಕಪ್ ಸಾಫ್ಟ್‌ವೇರ್ ಒಪ್ಪಿದರೆ ಹೈಪರ್-ವಿ (ವಿಎಂ ನಡೆಸುವ ಮೈಕ್ರೋಸಾಫ್ಟ್‌ನ ಸಾಫ್ಟ್‌ವೇರ್) ಸಾಕು. ಅದು ವಿಂಡೋಸ್ ಸ್ಟ್ಯಾಂಡರ್ಡ್‌ನಲ್ಲೇ ಬರುತ್ತದೆ, ವಿಎಂವೇರ್ ಸಾಲು ಪೂರ್ತಿ ಅಳಿಯುತ್ತದೆ. ಹೋಸ್ಟ್ ಮೇಲೆ ಹೈಪರ್-ವಿ ಬಿಟ್ಟು ಬೇರೇನೂ ಓಡಿಸಬೇಡಿ. ಅಲ್ಲಿ ಫೈಲ್ ಸರ್ವರ್ ಅಥವಾ ಡೊಮೇನ್ ಕಂಟ್ರೋಲರ್ ಕೂರಿಸಿದರೆ ವಿಎಂ ಹಕ್ಕಿನಲ್ಲಿ ಒಂದು ಅದಕ್ಕೇ ಖರ್ಚಾಗುತ್ತದೆ.