ದುಡ್ಡಿಲ್ಲದೆ ತೆಗೆದ ಸೀರಿಯಲ್ ಕಿಲ್ಲರ್ ಸಿನಿಮಾಗಳು ಯಾಕಿಷ್ಟು ಕಾಡ್ತವೆ?

ರಾತ್ರಿಪಾಳಿ:

ಎಲ್ರಿಗೂ ನಮಸ್ಕಾರ, ಪೋಸ್ಟ್ ಸ್ವಲ್ಪ ಉದ್ದ ಇದೆ. ಕಳೆದ ಶನಿವಾರ ರಾತ್ರಿ 'ಹೆನ್ರಿ: ಪೋರ್ಟ್ರೇಟ್ ಆಫ್ ಎ ಸೀರಿಯಲ್ ಕಿಲ್ಲರ್' ಪೂರ್ತಿ ನೋಡ್ದೆ. ಕಾಲೇಜಲ್ಲಿದ್ದಾಗ ಒಂದ್ಸಲ ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದ್ದೆ, ಈ ಸಲ ಕೊನೆವರೆಗೂ ಕೂತೆ. ನಾಲ್ಕು ದಿನ ಆಯ್ತು, ಇನ್ನೂ ತಲೆಯಿಂದ ಹೋಗ್ತಿಲ್ಲ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಜಾನ್ ಮೆಕ್‌ನಾಟನ್ ಅಂತ ನಿರ್ದೇಶಕ, 1985ರಲ್ಲಿ ಷಿಕಾಗೋದಲ್ಲಿ ಸುಮಾರು ಒಂದು ಲಕ್ಷದ ಹತ್ತು ಸಾವಿರ ಡಾಲರಲ್ಲಿ, ಒಂದು ತಿಂಗಳೊಳಗೆ, 16 ಎಂಎಂ ಫಿಲ್ಮಲ್ಲಿ ತೆಗೆದಿದ್ದು. ದುಡ್ಡು ಹಾಕಿದ್ದು ಒಂದು ಹೋಂ ವಿಡಿಯೋ ಕಂಪನಿ, ಅವರಿಗೆ ಬೇಕಾಗಿದ್ದು ಒಂದು ಹಾರರ್ ಸಿನಿಮಾ ಅಷ್ಟೇ. ದೆವ್ವ, ಏಲಿಯನ್ ಎಲ್ಲ ತೋರ್ಸೋಕೆ ಆ ದುಡ್ಡು ಎಲ್ಲಿ ಸಾಲತ್ತೆ, ಮನುಷ್ಯನನ್ನೇ ತೋರಿಸಿದ್ರು. ಹೆನ್ರಿ ಪಾತ್ರದ ಮೈಕೆಲ್ ರೂಕರ್‌ಗೆ ಅದೇ ಮೊದಲ ಸಿನಿಮಾ. 1986ರಲ್ಲೇ ರೆಡಿ ಇದ್ರೂ ಥಿಯೇಟರಿಗೆ ಸರಿಯಾಗಿ ಬಂದಿದ್ದು 1990ರಲ್ಲಿ, ಯಾಕಂದ್ರೆ ಅಲ್ಲಿನ ರೇಟಿಂಗ್ ಬೋರ್ಡಿನವರು ಎಕ್ಸ್ ಅಂತ, ಅಂದ್ರೆ ದೊಡ್ಡವರಿಗೆ ಮಾತ್ರ ಅನ್ನೋ ರೇಟಿಂಗ್ ಕೊಟ್ಟು, ಯಾವ ಸೀನ್ ಕತ್ತರಿಸಿದ್ರೂ ಉಪಯೋಗ ಇಲ್ಲ, ಇಡೀ ಸಿನಿಮಾದ ಧೋರಣೆನೇ ಹಂಗಿದೆ ಅಂದ್ಬಿಟ್ರು.

ಅದ್ರಲ್ಲಿ ಒಂದು ಸೀನ್ ಇದೆ. ಹೆನ್ರಿ, ಅವನ ಜೊತೆಗಾರ ಓಟಿಸ್ ಇಬ್ರೂ ಒಂದು ಮನೆಗೆ ನುಗ್ಗಿ ಅಲ್ಲಿದ್ದ ಕುಟುಂಬನ ಕೊಲ್ತಾರೆ. ಅದು ನಮಗೆ ನೇರವಾಗಿ ಕಾಣಲ್ಲ, ಅವರೇ ಕ್ಯಾಮ್‌ಕಾರ್ಡರಲ್ಲಿ ತೆಗೆದಿರೋ ವಿಡಿಯೋ ಆಗಿ ಕಾಣತ್ತೆ, ಚಿತ್ರ ಅಲ್ಲಾಡ್ತಾ ಇರತ್ತೆ, ಬಣ್ಣ ಸರಿಯಿಲ್ಲ, ಫ್ರೇಮಿಗೆ ಅರ್ಧ ಮನುಷ್ಯ ಮಾತ್ರ ಬಂದಿರ್ತಾನೆ. ಆಮೇಲೆ ಗೊತ್ತಾಗತ್ತೆ ಇಬ್ರೂ ಸೋಫಾ ಮೇಲೆ ಕೂತು ಅದನ್ನೇ ಟೀವೀಲಿ ನೋಡ್ತಿದ್ದಾರೆ ಅಂತ. ಓಟಿಸ್‌ಗೆ ಇನ್ನೊಂದ್ಸಲ ನೋಡ್ಬೇಕು ಅನ್ಸತ್ತೆ, ಹಿಂದಕ್ಕೆ ಓಡಿಸ್ತಾನೆ. ನಾನೂ ಆಗ ಸೋಫಾ ಮೇಲೇ ಇದ್ದೆ, ರಿಮೋಟ್ ಕೈಲಿತ್ತು. ಎದ್ದು ಹೋಗಿ ನೀರು ಕುಡ್ದು ಬಂದೆ.

ನನ್ ಪ್ರಶ್ನೆ ಇದು. ದೊಡ್ಡ ಬಜೆಟ್ಟಿನ ಇಂಥ ಸಿನಿಮಾ ಎಷ್ಟೋ ನೋಡಿದೀನಿ, ಒಳ್ಳೆ ಕ್ಯಾಮೆರಾ, ಒಳ್ಳೆ ನಟರು, ಬುದ್ಧಿವಂತ ಕೊಲೆಗಾರ, ಅವನಿಗಿಂತ ಬುದ್ಧಿವಂತ ಪೊಲೀಸು, ಮಾರನೇ ದಿನ ಅವು ನೆನಪಿರಲ್ಲ. ಈ ಚೀಪಾಗಿ ತೆಗೆದಿರೋವು ಮಾತ್ರ ಯಾಕೆ ಕಚ್ಕೊಂಡು ಕೂತ್ಕೊಳ್ತವೆ? ನಿಮಗೂ ಹೀಗೇ ಆಗತ್ತಾ? ನನ್ ಹೆಂಡ್ತಿ ಕೇಳಿದ್ಲು, ಇದ್ರಲ್ಲಿ ಏನಿದೆ ಅಂತ ನೋಡ್ತೀರ ಅಂತ. ಉತ್ತರ ಕೊಡೋಕಾಗ್ಲಿಲ್ಲ, ಅದಕ್ಕೇ ಇಲ್ಲಿ ಕೇಳ್ತಿದೀನಿ.

ಹಳೇಕ್ಯಾಸೆಟ್:

ಬ್ರೋ, ದುಡ್ಡಿಲ್ಲ ಅನ್ನೋದೇ ನಿಮ್ ಪ್ರಶ್ನೆಗೆ ಉತ್ತರ. ದುಡ್ಡಿದ್ರೆ ಸೆಟ್ ಹಾಕ್ತಾರೆ, ಲೈಟ್ ಹಾಕ್ತಾರೆ, ಮುಖಕ್ಕೆ ನೆರಳು ಎಲ್ಲಿ ಬೀಳ್ಬೇಕು ಅಂತ ಲೆಕ್ಕ ಹಾಕ್ತಾರೆ. ಅದನ್ನ ನೋಡ್ತಿದ್ದಂಗೇ ಮನಸ್ಸಿಗೆ ಗೊತ್ತಾಗತ್ತೆ ಇದು ಸಿನಿಮಾ, ಏನೂ ಆಗಲ್ಲ ಅಂತ. ದುಡ್ಡಿಲ್ಲ ಅಂದ್ರೆ ಇರೋ ರಸ್ತೆ, ಇರೋ ಮನೆ, ಇರೋ ಬೆಳಕು, ಯಾವತ್ತೂ ನೋಡಿರದ ಮುಖಗಳು. ಸ್ಟಾರ್ ಇದ್ರೆ ಅವನು ಕೊನೆವರೆಗೂ ಬದುಕಿರ್ತಾನೆ ಅಂತಾದ್ರೂ ಧೈರ್ಯ ಇರತ್ತೆ, ಇಲ್ಲಿ ಯಾರ್ ಬೇಕಾದ್ರೂ ಯಾವಾಗ ಬೇಕಾದ್ರೂ ಸಾಯ್ಬಹುದು.

ನಮ್ಮೂರು ಕಡೂರು. 90ರ ಸುಮಾರಿಗೆ ಗಣಪತಿ ಹಬ್ಬಕ್ಕೋ ಯಾರದಾದ್ರೂ ಮದುವೆಗೋ ವಿಸಿಆರು ಟೀವಿ ಎರಡೂ ಬಾಡಿಗೆಗೆ ತಂದು ರಾತ್ರಿಯೆಲ್ಲಾ ಸಿನಿಮಾ ಹಾಕೋರು. ಮೊದಲೆರಡು ಕನ್ನಡದ್ದು, ಮನೆಮಂದಿಗೆಲ್ಲಾ. ಮೂರನೇದು ಇಂಗ್ಲಿಷು, ಹೆಂಗಸ್ರು ಮಕ್ಕಳು ಮಲಗಿದ ಮೇಲೆ. ನಾನು ರಗ್ಗು ಹೊದ್ಕೊಂಡು ಒಂದು ಕಣ್ಣಲ್ಲಿ ನೋಡ್ತಿದ್ದೆ. ಆ ಕ್ಯಾಸೆಟ್ಟು ಎಷ್ಟು ಕೈ ದಾಟಿ ಬಂದಿರ್ತಿತ್ತು ಅಂದ್ರೆ ಪರದೆ ಮೇಲೆ ಬಿಳಿ ಗೆರೆ ಓಡ್ತಾ ಇರೋದು, ರಕ್ತ ಕಂದು ಬಣ್ಣ ಆಗ್ಬಿಟ್ಟಿರೋದು, ಮಾತು ಗೊರಗೊರ. ಅದನ್ನ ಸಿನಿಮಾ ಅಂತ ನಂಬೋಕೇ ಆಗ್ತಿರ್ಲಿಲ್ಲ, ಯಾರೋ ಕದ್ದು ತೆಗೆದಿದ್ದು ನಮ್ ಕೈಗೆ ಸಿಕ್ಕಿದೆ ಅನ್ಸೋದು. ಇವತ್ತು ಅದೇ ಸಿನಿಮಾನ ಕ್ಲೀನ್ ಮಾಡಿ ಫೋರ್ ಕೆ ಅಂತ ಬಿಡ್ತಾರೆ, ನಂಗೆ ಅರ್ಧ ಭಯ ಹೊರಟೇಹೋಗತ್ತೆ.

1974ರ 'ಟೆಕ್ಸಾಸ್ ಚೈನ್ ಸಾ ಮ್ಯಾಸಕರ್' ತಗೊಳಿ. ಅದನ್ನ ತೆಗೆದಿದ್ದು 1973ರ ಬೇಸಿಗೇಲಿ, ಟೆಕ್ಸಾಸಿನ ಬಿಸಿಲಲ್ಲಿ. ಮುಖವಾಡದ ಕೊಲೆಗಾರನ ಪಾತ್ರ ಮಾಡಿದ ಗನ್ನರ್ ಹ್ಯಾನ್ಸನ್‌ಗೆ ಇದ್ದಿದ್ದು ಒಂದೇ ಜೊತೆ ಬಟ್ಟೆ, ಒಗೆದ್ರೆ ಬಣ್ಣ ಹೋಗ್ಬಿಟ್ರೆ ಅಂತ ಒಗೆಯೋ ಹಾಗೂ ಇಲ್ಲ, ವಾರಗಟ್ಟಲೆ ಅದನ್ನೇ ಹಾಕ್ಕೊಂಡ. ಊಟದ ಮೇಜಿನ ಸೀನಿಗೆ ಬೆಳಕು ಒಳಗೆ ಬರದ ಹಂಗೆ ಕಿಟಕಿ ಮುಚ್ಚಿ ಒಂದು ದಿನಕ್ಕಿಂತ ಜಾಸ್ತಿ ಹೊತ್ತು ಒಂದೇ ಸಮ ಶೂಟಿಂಗ್ ಮಾಡಿದ್ರು, ಮೇಜಿನ ಮೇಲಿದ್ದ ಮಾಂಸ ಕೊಳೆತು ನಾರ್ತಿತ್ತು. ಆ ಸೀನಲ್ಲಿರೋ ನಾಯಕಿ ಕಣ್ಣಲ್ಲಿ ಕಾಣೋ ಸುಸ್ತು ನಟನೆ ಅಲ್ಲ. ಇನ್ನೊಂದು ವಿಷ್ಯ, ಆ ಸಿನಿಮಾದಲ್ಲಿ ರಕ್ತ ತೀರಾ ಕಮ್ಮಿ, ಬೇಕಿದ್ರೆ ಮತ್ತೆ ನೋಡಿ. ನೋಡಿದವರೆಲ್ಲ ರಕ್ತದ ಹೊಳೆ ಇತ್ತು ಅಂತಾನೇ ಹೇಳ್ತಾರೆ.

1980ರ 'ಮೇನಿಯಾಕ್' ಕೂಡ ಅಷ್ಟೇ, ನ್ಯೂಯಾರ್ಕಿನ ರಸ್ತೇಲಿ ಎಷ್ಟೋ ಕಡೆ ಪರ್ಮಿಷನ್ನೇ ಇಲ್ಲದೆ ತೆಗೆದಿದ್ದು. ಕಾರಿನ ಗ್ಲಾಸ್ ಒಡ್ಕೊಂಡು ಬಂದೂಕಿನ ಗುಂಡು ತಲೆಗೆ ಬೀಳೋ ಸೀನಲ್ಲಿ ಸಾಯೋ ಪಾತ್ರ ಮೇಕಪ್ ಮಾಡಿದ ಟಾಮ್ ಸವೀನಿದೇ, ತನ್ನದೇ ತಲೆಯ ಬೊಂಬೆಗೆ ನಿಜವಾದ ಗುಂಡು ಹೊಡೆದವರೂ ಅವರೇ, ಹೊಡೆದ ತಕ್ಷಣ ಪೊಲೀಸ್ರು ಬರೋದ್ರೊಳಗೆ ಎಲ್ಲಾ ಪರಾರಿ. ಸವೀನಿ ವಿಯೆಟ್ನಾಂ ಯುದ್ಧದಲ್ಲಿ ಸೇನೆ ಫೋಟೋಗ್ರಾಫರ್ ಆಗಿದ್ದವರು, ಸತ್ತ ದೇಹ ಹೆಂಗಿರತ್ತೆ ಅಂತ ಕಣ್ಣಾರೆ ಕಂಡವರು. ಆ ಕೈಕೆಲಸ ಕಂಪ್ಯೂಟರಲ್ಲಿ ಬರಲ್ಲ.

ಸಂಜೆಮಲ್ಲಿಗೆ:

ಇಬ್ಬರೂ ಕ್ಯಾಮೆರಾ, ಫಿಲ್ಮು, ಮೇಕಪ್ಪು ಬಗ್ಗೆ ಬರೆದಿದೀರ, ಸತ್ತವರ ಬಗ್ಗೆ ಯಾರೂ ಬರೆದಿಲ್ಲ. ನಾನೂ ಈ ಸಿನಿಮಾಗಳನ್ನ ನೋಡಿರೋಳೇ, ದೂರದಿಂದ ಬೈತಿಲ್ಲ. 'ಮೇನಿಯಾಕ್' ಬಂದಾಗ ಅಮೆರಿಕದ ಹೆಂಗಸರು ಥಿಯೇಟರ್ ಮುಂದೆ ನಿಂತು ಪ್ರತಿಭಟನೆ ಮಾಡಿದ್ರು, ಸಿನಿಮಾ ವಿಮರ್ಶಕ ಜೀನ್ ಸಿಸ್ಕೆಲ್ ಅರ್ಧ ಗಂಟೆಗೇ ಎದ್ದು ಹೊರಗೆ ಬಂದ್ರು. ಅವರಿಗೆ ತಲೆ ಕೆಟ್ಟಿರ್ಲಿಲ್ಲ. ಹೆಂಗಸರನ್ನ ಹುಡುಕಿ ಹುಡುಕಿ ಕೊಲ್ಲೋದನ್ನೇ ತೋರಿಸಿ ಟಿಕೆಟ್ ಮಾರೋ ಸಿನಿಮಾಗೆ, ನಿಜವಾದ ಬೆಳಕಲ್ಲಿ ತೆಗೆದಿದಾರೆ ಅಂತ ಸರ್ಟಿಫಿಕೇಟ್ ಕೊಡೋಕೆ ನಂಗಾಗಲ್ಲ.

ಇನ್ನು ಹೆನ್ರಿ ವಿಷ್ಯ. ಅವನ ಹಿಂದಿರೋ ನಿಜವಾದ ಮನುಷ್ಯ ಹೆನ್ರಿ ಲೀ ಲ್ಯೂಕಸ್. 1983ರಲ್ಲಿ ಟೆಕ್ಸಾಸಲ್ಲಿ ಸಿಕ್ಕಿಬಿದ್ದ ಮೇಲೆ ನೂರಾರು ಕೊಲೆ ನಾನೇ ಮಾಡಿದ್ದು ಅಂತ ಒಪ್ಕೊಂಡ. ಪೊಲೀಸರು ಬೇರೆ ಬೇರೆ ರಾಜ್ಯದಿಂದ ಫೈಲ್ ಹಿಡ್ಕೊಂಡು ಬರೋರು, ಇವನು ಹೂಂ ಅನ್ನೋನು, ಕೇಸ್ ಕ್ಲೋಸ್. ಆಮೇಲೆ ಬಯಲಾಯ್ತು, ಕೊಲೆ ನಡೆದ ದಿನ ಅವನು ಬೇರೆಲ್ಲೋ ಇದ್ದ ಅನ್ನೋದಕ್ಕೆ ದಾಖಲೆ ಇತ್ತು. 1998ರಲ್ಲಿ ಅವನ ಮರಣದಂಡನೆನ ಜೀವಾವಧಿಗೆ ಇಳಿಸಿದ್ದು ಆಗ ಗವರ್ನರ್ ಆಗಿದ್ದ ಜಾರ್ಜ್ ಬುಷ್, ಅದಕ್ಕೆ ಕಾರಣವೂ ಒಂದು ಸುಳ್ಳು ತಪ್ಪೊಪ್ಪಿಗೆನೇ. ಆ ಸುಳ್ಳಿನ ಹಿಂದೆ ಎಷ್ಟು ಜನ ನಿಜವಾದ ಕೊಲೆಗಾರರು ಆರಾಮಾಗಿ ತಿರುಗಾಡ್ಕೊಂಡಿದ್ರೋ, ಮಗಳನ್ನ ಕಳ್ಕೊಂಡ ಎಷ್ಟು ಅಮ್ಮಂದಿರು ಈಗಲಾದ್ರೂ ಗೊತ್ತಾಯ್ತಲ್ಲ ಅಂತ ಸಮಾಧಾನ ಮಾಡ್ಕೊಂಡು ಮತ್ತೆ ಮೊದಲಿಂದ ಅತ್ತರೋ.

ನಮ್ಮ ಕಡೆನೇ ನೋಡಿ, ಹೊಸಕೋಟೆ ಹತ್ರ ದಂಡುಪಾಳ್ಯ ಅಂತ ಒಂದು ಊರಿದೆ, ಜನ ಇದಾರೆ, ಶಾಲೆಗೆ ಹೋಗೋ ಮಕ್ಕಳಿದಾರೆ. 2012ರಲ್ಲಿ ಸಿನಿಮಾ ಬಂದ ಮೇಲೆ ಆ ಹೆಸರು ಕೇಳಿದ್ರೆ ಎದುರಿಗಿರೋರ ಮುಖ ಹೇಗಾಗತ್ತೆ ಯೋಚನೆ ಮಾಡಿ.

ಹುಬ್ಬಳ್ಳಿ ಲೈನ್‌ಬಜಾರ್:

ಅಕ್ಕಾರ ಹೇಳಿದ್ದು ಖರೇನ ಐತ್ರಿ. ಆದ್ರ ಊರಿನ ಹೆಸರು ತಗೊಂಡ್ರಲ್ಲ, ಅದಕ್ಕ ಒಂದ್ ಬ್ಯಾರೆ ಉದಾಹರಣಿ ಹೇಳ್ತೀನಿ. ಅಮೆರಿಕಾದಾಗ ಟೆಕ್ಸಾರ್ಕಾನಾ ಅಂತ ಊರೈತಿ, ಅರ್ಧ ಟೆಕ್ಸಾಸಿನ್ಯಾಗ ಅರ್ಧ ಆರ್ಕನ್ಸಾದಾಗ. 1946ರಾಗ ಅಲ್ಲಿ ಒಬ್ಬಾಂವ ರಾತ್ರಿ ಬಂದು ಎಂಟು ಮಂದಿ ಮ್ಯಾಲೆ ಹಲ್ಲೆ ಮಾಡಿದ, ಐದು ಮಂದಿ ಸತ್ರು, ಅವ ಇವತ್ತಿಗೂ ಸಿಕ್ಕಿಲ್ಲ. 1976ರಾಗ ಚಾರ್ಲ್ಸ್ ಪಿಯರ್ಸ್ ಅನ್ನಾಂವ ಅದ ಊರಾಗ, ಊರ ಮಂದೀನ ಹಾಕ್ಕೊಂಡು ಸಣ್ಣ ಬಜೆಟ್ಟಿನ್ಯಾಗ 'ದಿ ಟೌನ್ ದಟ್ ಡ್ರೆಡೆಡ್ ಸನ್‌ಡೌನ್' ತೆಗೆದ. ಈಗ ಅಕ್ಟೋಬರ್ ಬಂತಂದ್ರ ಅದ ಊರಿನ ಪಾರ್ಕಿನ್ಯಾಗ ಪರದೆ ಕಟ್ಟಿ ಆ ಸಿನಿಮಾ ತೋರಸ್ತಾರ, ಮಂದಿ ಚಾದರ ಕುರ್ಚಿ ತಗೊಂಡ್ ಬಂದು ಕುಂತು ನೋಡ್ತಾರ. ಒಂದು ಕೊಲಿ ಆಗಿದ್ದು ಆ ಪಾರ್ಕಿನ ಹಂತ್ಯಾಕನ. ನನಗ ಅನಸೂದು, ಉತ್ತರ ಸಿಗದ ಭಯಾನ ಒಬ್ಬೊಬ್ಬರ ಮನ್ಯಾಗ ಇಟ್ಕೊಂಡು ಕೂಡೂದಕ್ಕಿಂತ ಎಲ್ಲಾರೂ ಒಂದ ಕಡೆ ಕೂಡಿ ನೋಡೂದು ಅವ್ರಿಗೆ ಛಲೋ ಅನಿಸಿರಬೇಕು.

ಇನ್ನೊಂದು ಹೇಳದ ಬಿಟ್ರ ನನಗ ನಿದ್ದಿ ಬರಂಗಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಕಡೆ 1968-69ರಾಗ ಮಂದೀನ ಕೊಂದು ಝೋಡಿಯಾಕ್ ಅಂತ ಕೊಲೆಗಾರ ಪೇಪರಿಗೆ ಪತ್ರ ಬರೀತಿದ್ನಲ್ಲ, ಅವನ್ನ ಹಿಡೀಬೇಕಂತನ ಒಬ್ಬಾಂವ ಸಿನಿಮಾ ತೆಗೆದ! ಟಾಮ್ ಹ್ಯಾನ್ಸನ್ ಅಂತ, ಪಿಜ್ಜಾ ಅಂಗಡಿ ನಡಸ್ತಿದ್ದಾಂವ, ಬರೇ 13 ಸಾವಿರ ಡಾಲರಿನ್ಯಾಗ. 1971ರಾಗ ಅದ ಊರಾಗ ರಿಲೀಸ್ ಮಾಡಿದ. ಕೊಲೆಗಾರನಿಗೆ ತನ್ನ ಮ್ಯಾಲೆ ಅಷ್ಟು ಅಭಿಮಾನ ಐತಿ ಅಂದ್ಮ್ಯಾಲೆ ತನ್ನ ಸಿನಿಮಾ ನೋಡಾಕ ಬಂದ ಬರ್ತಾನ ಅಂತ ಲೆಕ್ಕ. ಬಂದ ಮಂದಿಗೆಲ್ಲ ಒಂದು ಚೀಟಿ ಕೊಟ್ರು, 'ಝೋಡಿಯಾಕ್ ಯಾಕ ಕೊಲ್ತಾನ ಅಂತ ನನಗ ಅನಸ್ತೈತಿ ಅಂದ್ರ' ಅಂತ ಇರೂದು, ಮುಂದಿಂದು ನಾವ ಬರೀಬೇಕು, ಗೆದ್ದಾವಗ ಮೋಟಾರ್‌ಸೈಕಲ್ ಬಹುಮಾನ. ಚೀಟಿ ಹಾಕೂ ಪೆಟ್ಟಿಗಿ ಒಳಗ ಒಬ್ಬ ಮನಷ್ಯಾನ ಅಡಗಿಸಿ ಕುಂಡ್ರಿಸಿದ್ರು, ಬಿದ್ದ ಬಿದ್ದ ಚೀಟಿ ಅಕ್ಷರಾನ ಕೊಲೆಗಾರನ ಕೈಬರಹದ ಜೋಡಿ ತಾಳೆ ನೋಡಾಕ. ಸಿಗಲಿಲ್ಲ ಬಿಡ್ರಿ. ಆದ್ರ ಸಿನಿಮಾ ನೋಡಾಕ ಹೋದಾಂವ ಅಕ್ಕಪಕ್ಕದ ಸೀಟಿನ್ಯಾಗ ಯಾರದಾರ ಅಂತ ಹೆಂಗ ನೋಡಿರಬೇಕು ಹೇಳ್ರಿ. ಹತ್ತು ಕೋಟಿ ಖರ್ಚು ಮಾಡಿದ್ರೂ ಆ ಭಯ ಹುಟ್ಟಸಾಕ ಆಗಂಗಿಲ್ಲ.

ಅರ್ಧಚಹಾ:

ನಂದು ಚಿಕ್ಕ ಮಾತು. ಈ ಥರದ ಹತ್ತು ಸಿನಿಮಾ ನೋಡಿದ್ರೆ ಒಂಬತ್ತು ಕಸ, ಅದನ್ನ ಒಪ್ಕೊಳ್ಳೋಣ. ಉಳಿಯೋ ಒಂದು ಯಾಕೆ ಉಳಿಯತ್ತೆ ಅಂದ್ರೆ, ಅದು ಕೊಲೆಗಾರನ್ನ ದೊಡ್ಡ ಮನುಷ್ಯ ಮಾಡಲ್ಲ. ಶ್ರೀರಾಮ್ ರಾಘವನ್ 1991ರಲ್ಲಿ ವಿಡಿಯೋಗೆ ಅಂತ ತೆಗೆದ 'ರಾಮನ್ ರಾಘವ್' ಸಿಕ್ಕಿದ್ರೆ ನೋಡಿ, ಸುಮಾರು ಎಪ್ಪತ್ತು ನಿಮಿಷದ್ದು, ರಘುವೀರ್ ಯಾದವ್ ಮಾಡಿದಾರೆ. 60ರ ದಶಕದ ಮುಂಬೈಲಿ ರಾಮನ್ ರಾಘವ್ ಕೊಂದಿದ್ದು ಫುಟ್‌ಪಾತಲ್ಲಿ, ಗುಡಿಸಲಲ್ಲಿ ಮಲಗಿದ್ದವರನ್ನ. ಯಾದವ್ ಮುಖ ನೋಡಿದ್ರೆ ಬಸ್‌ಸ್ಟಾಂಡಲ್ಲಿ ನಮ್ಮ ಪಕ್ಕ ನಿಂತಿರೋನ ಥರ ಇದೆ. ನಿಜವಾದ ಕೊಲೆಗಾರರು ಹೀಗೇ ಇರ್ತಾರೆ, ವೈನ್ ಕುಡ್ಕೊಂಡು ಸಂಗೀತ ಕೇಳ್ಕೊಂಡು ಇರಲ್ಲ. ಅವರ ಕೈಗೆ ಸಿಕ್ಕಿ ಸಾಯೋರೂ ಬಹಳ ಸಲ ರಾತ್ರಿ ಮಲಗೋಕೆ ಬಾಗಿಲಿರೋ ಮನೆ ಇಲ್ಲದವರೇ. ದೊಡ್ಡ ಬಜೆಟ್ ಸಿನಿಮಾ ಆ ಬೀದಿಗೆ ಹೋಗೋದೇ ಇಲ್ಲ.

ರಾತ್ರಿಪಾಳಿ:

ಎಲ್ರಿಗೂ ಥ್ಯಾಂಕ್ಸ್. ಸಂಜೆಮಲ್ಲಿಗೆ ಅವರೇ, ನೀವು ಬರೆದಿದ್ದು ಓದಿ ನಿನ್ನೆ ರಾತ್ರಿ ಕೆಲವು ಸೀನ್ ಮತ್ತೆ ಹಾಕ್ದೆ. ಲ್ಯೂಕಸ್ ಸುಳ್ಳು ಹೇಳ್ತಿದ್ದ ಅಂದ್ರಲ್ಲ, ಸಿನಿಮಾದಲ್ಲೂ ಅದು ಇದೆ, ನಂಗೆ ಮೊದಲು ಹೊಳೆದಿರ್ಲಿಲ್ಲ. ಹೆನ್ರಿ ತನ್ನ ತಾಯಿನ ಕೊಂದಿದ್ದು ಹೇಗೆ ಅಂತ ಓಟಿಸ್‌ನ ಸೋದರಿ ಬೆಕಿಗೆ ಹೇಳ್ತಾ ಮೊದಲು ಚಾಕು ಅಂತಾನೆ, ಸ್ವಲ್ಪ ಹೊತ್ತಾದ ಮೇಲೆ ಗುಂಡು ಹೊಡೆದೆ ಅಂತಾನೆ. ಅವಳು, ಚಾಕು ಅಂದಿದ್ರಲ್ಲ ಅಂತಾಳೆ, ಇವನು ಹೌದೌದು ಚಾಕುನೇ ಅಂತ ತಿದ್ಕೊಳ್ತಾನೆ. ಮುಖದಲ್ಲಿ ಏನೂ ಬದಲಾಗಲ್ಲ. ಲ್ಯೂಕಸ್ಸಿನ ಸುಳ್ಳುಗಳು ಪೇಪರಲ್ಲಿ ಬಯಲಾಗಿದ್ದೂ 1985ರಲ್ಲೇ, ಸಿನಿಮಾ ತೆಗೆದಿದ್ದೂ ಅದೇ ವರ್ಷ. ಲ್ಯೂಕಸ್ ಹೂಂ ಅಂದಿದ್ದೆಲ್ಲಾ ಪೊಲೀಸರು ಬರ್ಕೊಂಡ್ರು, ಬೆಕಿ ಮಾತ್ರ ತಿರುಗಿ ಕೇಳಿದ್ಲು.

ಇನ್ನೊಂದು, ಸಿನಿಮಾ ನೋಡದವರು ಇದನ್ನ ಓದ್ಬೇಡಿ, ಕೊನೇ ಸೀನ್. ಬೆಳಿಗ್ಗೆ ಹೆನ್ರಿ ಒಬ್ಬನೇ ಮೋಟೆಲಿಂದ ಹೊರಡ್ತಾನೆ, ರಸ್ತೆ ಪಕ್ಕ ಕಾರ್ ನಿಲ್ಲಿಸಿ ಒಂದು ಸೂಟ್‌ಕೇಸ್ ಇಳಿಸಿ ಹೋಗ್ಬಿಡ್ತಾನೆ. ಕ್ಯಾಮೆರಾ ಅವನ ಹಿಂದೆ ಹೋಗಲ್ಲ, ಸೂಟ್‌ಕೇಸ್ ಹತ್ರಾನೇ ಉಳಿಯತ್ತೆ, ನಿಧಾನಕ್ಕೆ ಅದರ ಹತ್ರ ಹೋಗತ್ತೆ. ಅಷ್ಟು ಹೊತ್ತು ನಾವು ಅವನ ಜೊತೆ ಇದ್ದೋರು, ಕೊನೇಲಿ ಆ ಸೂಟ್‌ಕೇಸ್ ಒಳಗಿರೋ ಬೆಕಿ ಜೊತೆ ಉಳೀತೀವಿ. ನನ್ನ ಕಾಡ್ತಿರೋದು ಅದೇ ಅಂತ ಈಗ ಅನ್ಸತ್ತೆ. ಹೆಂಡ್ತಿಗೂ ಇದನ್ನೇ ಹೇಳ್ದೆ, ಅವಳು ಹಾಗಾದ್ರೆ ಆ ಸೀನ್ ಒಂದು ತೋರ್ಸಿ ಅಂದಿದಾಳೆ.

ಸಂಜೆಮಲ್ಲಿಗೆ:

ಸೂಟ್‌ಕೇಸ್ ವಿಷ್ಯ ಒಪ್ತೀನಿ, ಬೆಕಿ ವಿಷ್ಯನೂ ಒಪ್ತೀನಿ. ಆದ್ರೆ ಶುರುವಲ್ಲಿ ಬರೋ ಹೆಂಗಸರ ಹೆಣಗಳು ನೆನಪಿದ್ಯಾ, ಹಿಂದೆ ಕಿರುಚೋ ಸದ್ದು ಬರ್ತಿರತ್ತೆ, ನಡುವೆ ಹೆನ್ರಿ ಹೋಟೆಲಲ್ಲಿ ತಿಂದು ಬಿಲ್ ಕೊಟ್ಟು ಎದ್ದು ಹೋಗ್ತಾನೆ. ಆ ಸಿನಿಮಾದಲ್ಲಿ ಸಾಯೋ ಮೂರು ಬೇರೆ ಬೇರೆ ಹೆಂಗಸರ ಪಾತ್ರ ಮಾಡಿರೋದು ಒಬ್ಬಳೇ ನಟಿ, ಅಷ್ಟೊಂದು ಜನರನ್ನ ಕರ್ಸೋಕೆ ದುಡ್ಡಿರ್ಲಿಲ್ಲ. ನಾನು ಎರಡು ಸಲ ನೋಡಿದೀನಿ, ಎರಡು ಸಲನೂ ನಂಗೆ ಗೊತ್ತಾಗ್ಲಿಲ್ಲ. ನಿಮಗೆ ಗೊತ್ತಾಗಿತ್ತಾ?