ಕೀಟನಾಶಕದ ವಿಷಬಾಧೆ: ಟ್ಯೂಬ್ ತೆಗೆಯುವ ಮುನ್ನ ಏನನ್ನು ನೋಡುತ್ತೀರಿ?

ಕೋರಿಕೆ: ಆರ್ಗನೋಫಾಸ್ಫರಸ್ ಕೀಟನಾಶಕದ ವಿಷಬಾಧೆಗೆ ಒಳಗಾದ ಯುವಕರೊಬ್ಬರು ನಮ್ಮ ಐಸಿಯುನಲ್ಲಿದ್ದಾರೆ. ಐದನೆಯ ದಿನ, ವೆಂಟಿಲೇಟರ್‌ನ ನೆರವು ತಗ್ಗಿಸಿದಾಗ ಅರ್ಧ ಗಂಟೆ ನಿರಾಯಾಸವಾಗಿ ಉಸಿರಾಡಿದರೆಂದು, ಗಂಟಲಿನ ಮೂಲಕ ಶ್ವಾಸನಾಳಕ್ಕೆ ಇಳಿಸಿದ್ದ ಉಸಿರಾಟದ ಟ್ಯೂಬ್ ತೆಗೆದೆವು. ಆರು ಗಂಟೆಗಳೊಳಗೆ ಮತ್ತೆ ಹಾಕಬೇಕಾಯಿತು. ನಾಳೆ ಇನ್ನೊಮ್ಮೆ ಪ್ರಯತ್ನಿಸುವ ಆಲೋಚನೆಯಿದೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಅರಿವಳಿಕೆ ತಜ್ಞರು: ಸರ್, ಅವರು ದಿಂಬಿನಿಂದ ತಲೆಯೆತ್ತಿ, ಐದು ಎಣಿಸುವವರೆಗೆ ಹಿಡಿದಿಡಬಲ್ಲರೇ ಎಂಬುದನ್ನು ಮೊದಲು ನೋಡಿ. ಜೊಲ್ಲು, ಬೆವರುಗಳು ಈ ವಿಷಕ್ಕೆ ಕೊಡುವ ಮದ್ದಾದ ಅಟ್ರೋಪಿನ್‌ನಿಂದ ಹತೋಟಿಗೆ ಬಂದು ನಾವು ನಿರಾಳವಾಗುವ ಹೊತ್ತಿಗೆ, ಸಾಮಾನ್ಯವಾಗಿ ವಿಷ ಸೇರಿದ 24ರಿಂದ 96 ಗಂಟೆಗಳ ನಡುವೆ, ಕತ್ತು, ಭುಜ ಮತ್ತು ಉಸಿರಾಟದ ಸ್ನಾಯುಗಳು ಸೋಲತೊಡಗುತ್ತವೆ. 1987ರಲ್ಲಿ ಶ್ರೀಲಂಕಾದ ವೈದ್ಯರು ‘ಇಂಟರ್‌ಮೀಡಿಯೆಟ್ ಸಿಂಡ್ರೋಮ್’ ಎಂದು ಕರೆದದ್ದು ಇದನ್ನೇ. ಈ ಸೋಲಿಗೆ ಅಟ್ರೋಪಿನ್ ನಾಟುವುದಿಲ್ಲ. ಸ್ನಾಯುಗಳು ಚೇತರಿಸಿಕೊಳ್ಳುವವರೆಗೆ, ಕೆಲವೊಮ್ಮೆ ಎರಡು ಮೂರು ವಾರ, ವೆಂಟಿಲೇಟರ್ ಮೇಲಿಟ್ಟು ಕಾಯಬೇಕಾಗುತ್ತದೆ. ನಿಮಿಷದ ಉಸಿರಿನ ಸಂಖ್ಯೆಯನ್ನು ಲೀಟರ್‌ಗಳಲ್ಲಿ ಅಳೆದ ಒಂದು ಉಸಿರಿನ ಗಾತ್ರದಿಂದ ಭಾಗಿಸಿದಾಗ 105ಕ್ಕಿಂತ ಕಡಿಮೆ ಬಂದರೆ ಸಾಕೆಂದು ನಾವೆಲ್ಲ ಓದಿದ್ದೇವೆ. ನನ್ನ ರೋಗಿಯೊಬ್ಬರಲ್ಲಿ ಅದು 60 ಇತ್ತು, ಆದರೂ ಮರುದಿನ ಬೆಳಗಿನೊಳಗೆ ಟ್ಯೂಬ್ ಮರಳಿ ಬಂತು. ಆ ಅಂಕಿಗೆ ಎದೆಯ ಶಕ್ತಿ ಗೊತ್ತು, ಗಂಟಲಿನದು ಗೊತ್ತಿಲ್ಲ.

ಹಿರಿಯ ಸ್ಟಾಫ್ ನರ್ಸ್: ಡಾಕ್ಟರೇ, ರಾತ್ರಿ ಪಾಳಿಯಲ್ಲಿ ಎಷ್ಟು ಸಲ ಸಕ್ಷನ್ ಮಾಡಬೇಕಾಯಿತೆಂದು ವಿಚಾರಿಸಿ. ಗಂಟೆಗೊಮ್ಮೆ ಕಫ ತೆಗೆಯಬೇಕಾದ ರೋಗಿಯ ಟ್ಯೂಬ್ ತೆಗೆಯಲು ನಾನಂತೂ ಅವಸರಪಡಿಸುವುದಿಲ್ಲ. ಟ್ಯೂಬಿನ ಬಾಯಿಯಿಂದ ಒಂದೆರಡು ಸೆಂಟಿಮೀಟರ್ ದೂರದಲ್ಲಿ ಬಿಳಿ ಕಾಗದದ ಚೂರು ಹಿಡಿದು, ಮೂರ್ನಾಲ್ಕು ಸಲ ಕೆಮ್ಮಲು ಹೇಳಿ. ಕಾಗದಕ್ಕೆ ಹನಿಯೂ ತಗಲದಿದ್ದರೆ ಆ ಕೆಮ್ಮು ಕಫವನ್ನು ಹೊರದಬ್ಬಲಾರದು. ಮಂಪರಿನ ಔಷಧ ನಿಲ್ಲಿಸಿ, ಅವರು ಪೂರ್ತಿ ಎಚ್ಚರಗೊಂಡ ಮೇಲಷ್ಟೇ ಇದನ್ನು ಮಾಡಬೇಕು.

ಐಸಿಯು ವೈದ್ಯರು: ವೆಂಟಿಲೇಟರ್ ನೆರವು ತಗ್ಗಿಸಿ ಉಸಿರಾಟ ನೋಡುವ ಪರೀಕ್ಷೆ ದಿನಕ್ಕೊಂದೇ ಇರಲಿ. ಉಸಿರಾಟ ನಿಮಿಷಕ್ಕೆ 35 ದಾಟಿದರೆ ಅಲ್ಲಿಗೇ ನಿಲ್ಲಿಸಿ, ಮರುದಿನದವರೆಗೆ ಸ್ನಾಯುಗಳಿಗೆ ಪೂರ್ಣ ವಿಶ್ರಾಂತಿ ಕೊಡಿ. ಪೊಟ್ಯಾಸಿಯಂ, ಫಾಸ್ಫೇಟ್ ಕಡಿಮೆಯಿದ್ದರೆ ಮೊದಲು ಸರಿಪಡಿಸಿ. ವೆಂಟಿಲೇಟರ್ ಹತ್ತು ದಿನ ಮೀರುವಂತಿದ್ದರೆ ಟ್ರೆಕಿಯಾಸ್ಟಮಿಯ (ಕತ್ತಿನಲ್ಲಿ ರಂಧ್ರ ಮಾಡಿ ಶ್ವಾಸನಾಳಕ್ಕೆ ಟ್ಯೂಬ್ ಹಾಕುವುದರ) ಬಗ್ಗೆ ಮನೆಯವರೊಡನೆ ಈಗಲೇ ಮಾತನಾಡಿಟ್ಟುಕೊಳ್ಳುವುದು ಲೇಸು. ಕತ್ತಿಗೆ ತೂತು ಎಂದೊಡನೆ ಅವರು ಎದೆಗುಂದುತ್ತಾರೆ.

ಕೋರಿದವರು: ಈಗಷ್ಟೇ ನೋಡಿ ಬಂದೆ. ಕೈ ಹಿಸುಕುತ್ತಾರೆ, ಕಣ್ಣು ಬಿಡುತ್ತಾರೆ, ಆದರೆ ತಲೆ ದಿಂಬು ಬಿಟ್ಟು ಮೇಲೇಳುತ್ತಿಲ್ಲ. ನಾಳೆಯ ಪ್ರಯತ್ನವನ್ನು ಕೈಬಿಟ್ಟಿದ್ದೇವೆ.