ಮದುವೆ ತಯಾರಿಗೆ ಆಪ್ ಮಾಡುತ್ತಿದ್ದೇನೆ: ಕಾಸರಗೋಡು ಕಡೆಯವರು ಅನುಭವ ಹೇಳಿ

ನೀರ್ಚಾಲಿನವಳು
ಎಲ್ಲರಿಗೂ ನಮಸ್ಕಾರ. ಊರು ನೀರ್ಚಾಲು, ಉದ್ಯೋಗ ಬೆಂಗಳೂರಿನಲ್ಲಿ, ಆಪ್‌ಗಳ ವಿನ್ಯಾಸ. ಬರುವ ವರ್ಷ ತಮ್ಮನ ಮದುವೆ. ಅಪ್ಪನಿಗೆ ಈಗಲೇ ನಿದ್ದೆಯಿಲ್ಲ, ಅಮ್ಮ ಕ್ಯಾಲೆಂಡರಿನ ಹಿಂಬದಿಯಲ್ಲಿ ಹೆಸರು ಬರೆಯತೊಡಗಿದ್ದಾರೆ. ಇಬ್ಬರೂ ಸಲೀಸಾಗಿ ಬಳಸುವಂಥ ಆಪ್ ಒಂದನ್ನು ಮಾಡಲು ಹೊರಟಿದ್ದೇನೆ. ಆಮಂತ್ರಿತರ ಪಟ್ಟಿ, ಖರ್ಚಿನ ಲೆಕ್ಕ, ಯಾವ ಕೆಲಸ ಯಾರಿಗೆ ಎಂಬುದು, ಇಷ್ಟೇ ಅದರಲ್ಲಿ. ಕೇಳುವುದು ಎರಡು: ತೆರೆದ ಕೂಡಲೇ ಮೊದಲು ಏನು ಕಾಣಬೇಕು? ಒಟಿಪಿ ಹಾಕಲು ತಡವರಿಸುವ ಹಿರಿಯರನ್ನು ಒಳಗೆ ಬಿಟ್ಟುಕೊಳ್ಳುವುದು ಹೇಗೆ? ಮದುವೆ ಮಾಡಿ ಮುಗಿಸಿದವರು ದಯವಿಟ್ಟು ಹೇಳಿ.

ಪೆರ್ಲದ ಮಾವ
ಆಪ್ ಬೇಡ ಮಗಳೇ. 200 ಪುಟದ ಗೆರೆ ಪುಸ್ತಕ ಒಂದನ್ನು ತೆಗೆದುಕೋ. ದೊಡ್ಡ ಮಗಳ ಮದುವೆಯನ್ನು ಅದರಲ್ಲೇ ಮುಗಿಸಿದವನು ನಾನು, ಪುಸ್ತಕ ಇನ್ನೂ ಅಟ್ಟದಲ್ಲಿದೆ. ನಮ್ಮಲ್ಲಿ ಹೇಳಿಕೆ, ಅಂದರೆ ಮದುವೆಯ ಕರೆ, ಮನೆಗೆ, ಆಸಾಮಿಗಲ್ಲ. ಮೊದಲ ಸಾಲಿನಲ್ಲಿ ಮನೆಯ ಹೆಸರು, ಎರಡನೆಯದರಲ್ಲಿ ಹೇಳಿಕೆ ಯಾರು ಕೊಡಬೇಕು, ಮೂರನೆಯದರಲ್ಲಿ ಹೋಗಿ ಹೇಳಬೇಕೋ ಫೋನು ಸಾಕೋ, ನಾಲ್ಕನೆಯದರಲ್ಲಿ ಕೊಟ್ಟಾಯಿತೆಂಬ ಗುರುತು. ‘ನಿಮ್ಮಿಂದ ಎಷ್ಟು ಜನ ಬರುತ್ತೀರಿ’ ಎಂದು ಮೊಬೈಲಿನಲ್ಲಿ ಕೇಳಿದರೆ ನನ್ನ ಷಡ್ಡಕ ಆ ದಿನ ಬರುವುದೇ ಇಲ್ಲ.

ಖರ್ಚು ಕೇಳು. ಸಭಾಭವನದ ಬಾಡಿಗೆ 35,000 ಎಂದರು. ಕೊನೆಗೆ ವಿದ್ಯುತ್ತಿಗೆ 6,240, ಜನರೇಟರಿನ ಡೀಸೆಲಿಗೆ 3,150, ಕಸ ಗುಡಿಸುವುದಕ್ಕೆ 4,000 ಬೇರೆ. ಬಾಳೆ ಎಲೆ 900, ಒಂದಕ್ಕೆ 6 ರೂಪಾಯಿ, 5,400. ಅಡಿಗೆಯವರಿಗೆ 46,000. ಪ್ಲಾಸ್ಟಿಕ್ ಲೋಟ ಇಟ್ಟರೆ ಪಂಚಾಯತಿನವರು ದಂಡ ಹಾಕುತ್ತಾರೆ, ಹಸಿರು ನಿಯಮ. ಹಾಗಾಗಿ ಸ್ಟೀಲಿನ ಲೋಟ ಬಾಡಿಗೆಗೆ ತಂದೆವು. ಹಿಂದಿರುಗಿಸುವಾಗ ಎಣಿಸಿದರೆ 41 ಲೋಟ ಇಲ್ಲ. ಒಂದಕ್ಕೆ 45ರಂತೆ 1,845 ರೂಪಾಯಿ ಕಟ್ಟಿದೆ. ಲೋಟ ಮದುವೆ ಮನೆಯಿಂದ ಎಲ್ಲಿಗೆ ಹೋಗುತ್ತದೆ? ಇದನ್ನು ಯಾವ ಆಪ್ ಹೇಳುತ್ತದೆ?

ಕುಂಬಳೆಯ ಸೊಸೆ
ಮಾವ ಹೇಳಿದ್ದು ಅರ್ಧ ಸರಿ. ಅಂಥ ಪುಸ್ತಕ ನಮ್ಮಲ್ಲೂ ಇತ್ತು, ಆದರೆ ಅದು ಒಬ್ಬರ ಕೈಯಲ್ಲೇ ಇರುತ್ತದೆ. ಅಪ್ಪ ಹೇಳಿಕೆಗೆಂದು ಪುಸ್ತಕ ಹಿಡಿದು ಅಡೂರಿನ ಕಡೆ ಹೋದರೆ ಮನೆಯಲ್ಲಿದ್ದವರಿಗೆ ಏನೂ ಗೊತ್ತಿಲ್ಲ.

ಆದ್ದರಿಂದ ನನ್ನ ಮದುವೆಗೆ ಸಿದ್ಧ ಆಪ್ ಒಂದಕ್ಕೆ 1,499 ಕೊಟ್ಟೆವು. ಸ್ಥಳ ಕೇರಳ ಎಂದು ತಾನೇ ಪತ್ತೆಹಚ್ಚಿ ಎಲ್ಲವನ್ನೂ ಮಲಯಾಳದಲ್ಲಿ ತೋರಿಸಿತು. ನನ್ನಪ್ಪ ಕನ್ನಡ ಶಾಲೆಯಲ್ಲಿ ಕಲಿತವರು, ಬಸ್ಸಿನ ಬೋರ್ಡು ಓದುವಷ್ಟು ಮಲಯಾಳ ಬರುತ್ತದೆ, ಅಷ್ಟೇ. ಭಾಷೆ ಬದಲಿಸುವ ಗುಂಡಿ ನಾಲ್ಕು ಪರದೆಗಳ ಒಳಗೆ, ಅದೂ ಮಲಯಾಳದಲ್ಲಿ. ಕೆಲಸಗಳ ಪಟ್ಟಿಯಲ್ಲಿ ಮೆಹಂದಿ, ಕೇಕು, ಮದುವೆಗೆ ಮುಂಚಿನ ಫೋಟೋ ಎಲ್ಲ ಇತ್ತು. ನಾಂದಿ ಇಲ್ಲ, ದಿಬ್ಬಣ ಇಲ್ಲ. ದಿಬ್ಬಣದ ಬಸ್ಸಿನ 14,500 ಬಾಡಿಗೆ ಮತ್ತು ಚಾಲಕನ ಭತ್ತೆ 800 ರೂಪಾಯಿಯನ್ನು ‘ಇತರೆ’ಯಲ್ಲಿ ಸೇರಿಸಿದೆ. ಕಡೆಗೆ ನೋಡಿದರೆ ಒಟ್ಟು ಖರ್ಚಿನ ಮುಕ್ಕಾಲು ಪಾಲು ಇತರೆಯೇ. ಮದುವೆಯಾಗಿ ವರ್ಷ ತುಂಬಿದ ದಿನ ಯುಪಿಐ ಮೂಲಕ ಇನ್ನೊಂದು 1,499 ತಾನಾಗಿ ಕಡಿತವಾಯಿತು. ಯಾರ ಮದುವೆಗೆ?

ಉಪ್ಪಳದ ಉದ್ಯಮಿ
ಹಣ ಕೊಟ್ಟು ಕೊಂಡವರ ಕಣ್ಣೀರು ಸಾಕು. ನಾನು ಆಪನ್ನೇ ಮಾಡಿಸಿದವನು, ಆ ಕಷ್ಟವೇ ಬೇರೆ. ಬರೆಯುವ ಹುಡುಗನಿಗೆ 1,80,000 ರೂಪಾಯಿ ಎರಡು ಕಂತಿನಲ್ಲಿ. ಪ್ಲೇ ಸ್ಟೋರಿನ ಖಾತೆಗೆ ಒಂದು ಸಲ 25 ಡಾಲರ್, ಸರಿ. ಆದರೆ 2023ರ ನವೆಂಬರ್ 13ರ ಬಳಿಕ ತೆರೆದ ವೈಯಕ್ತಿಕ ಖಾತೆಯಾದರೆ 12 ಮಂದಿ 14 ದಿನ ಬಿಡದೆ ಪರೀಕ್ಷಕರಾಗಿ ಉಳಿಯಬೇಕು, ಆಮೇಲೆಯೇ ಎಲ್ಲರಿಗೂ ಬಿಡಲು ಅರ್ಜಿ ಹಾಕಬಹುದು. ನೆಂಟರನ್ನೇ ಸೇರಿಸಿದೆ. ಹನ್ನೊಂದನೆಯ ದಿನ ಚಿಕ್ಕಪ್ಪ ಫೋನಿನಲ್ಲಿ ಜಾಗವಿಲ್ಲವೆಂದು ಎಲ್ಲವನ್ನೂ ತೆಗೆದುಹಾಕಿದರು, ಪರೀಕ್ಷೆಯಿಂದಲೂ ಹೊರಬಿದ್ದರು. ಎಣಿಕೆ ಮೊದಲಿನಿಂದ.

ಒಟಿಪಿಯ ವಿಷಯ ಕೇಳಿದ್ದೀರಿ. ಎಸ್‌ಎಂಎಸ್ ಕಳುಹಿಸಲು ಡಿಎಲ್‌ಟಿ ಎಂಬ ಟೆಲಿಕಾಂ ಕಂಪನಿಗಳ ನೋಂದಣಿ ತಾಣದಲ್ಲಿ ಸಂಸ್ಥೆಯ ಹೆಸರು, ಕಳುಹಿಸಿದವರೆಂದು ಕಾಣುವ ತಲೆಬರಹ, ವಾಕ್ಯದ ಮಾದರಿ ಎಲ್ಲವೂ ನೋಂದಣಿಯಾಗಬೇಕು. ಅದಕ್ಕೆ 5,900 ಕಟ್ಟಿದೆ, ಒಂದು ಅಲ್ಪವಿರಾಮ ಹೆಚ್ಚಾಯಿತೆಂದು ಮಾದರಿ ತಿರಸ್ಕೃತವಾಯಿತು. ಇನ್ನು ಮುದ್ರಣಾಲಯದಿಂದ ಬಂದ ಆಮಂತ್ರಣ. ಅವರು ಹಳೆಯ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ ಜೋಡಿಸಿದ್ದರು, ಅದು ಮೊಬೈಲು ಓದುವ ಯೂನಿಕೋಡ್ ಅಲ್ಲ. ಆಪಿನಲ್ಲಿ ಅಂಟಿಸಿದರೆ ವರನ ಹೆಸರಿನ ಜಾಗದಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ.

ಹೀಗಿದ್ದರೂ ನನ್ನ ಆಪ್ ಮೂರು ಮದುವೆ ಕಂಡಿದೆ. ಪುಸ್ತಕದವರು ಲೋಟ ಎಣಿಸುತ್ತಿರಲಿ.

ಪೆರ್ಲದ ಮಾವ
ಲೋಟ ಎಣಿಸಿದ್ದರಿಂದಲೇ ಲೆಕ್ಕ ಸಿಕ್ಕಿದ್ದು. 1,80,000ಕ್ಕೆ ಎಷ್ಟು ಲೋಟ ಬರುತ್ತದೆಂದು ನಿಮ್ಮ ಆಪಿನಲ್ಲಿ ಭಾಗಾಕಾರ ಮಾಡಿ ನೋಡಿ.

ಬಾಯಾರಿನ ಅತ್ತಿಗೆ
ಉಪ್ಪಳದವರೇ, ನಿಮ್ಮ ಆಪ್ ಕಂಡ ಆ ಮೂರರಲ್ಲಿ ಒಂದು ನನ್ನ ಮೈದುನನ ಮದುವೆ. ಉಳಿದದ್ದನ್ನು ನಾನು ಹೇಳುತ್ತೇನೆ. ಉಡುಗೊರೆ ಬರೆಯುವ ಪರದೆ ಚೆನ್ನಾಗಿತ್ತು: ಹೆಸರು, ಮೊತ್ತ, ಪಕ್ಕದಲ್ಲಿ ಪುಟ್ಟ ತಾವರೆಯ ಚಿತ್ರ. ಧಾರೆ ಮುಗಿದು ಮೊದಲ ಪಂಕ್ತಿ ಏಳುವುದರೊಳಗೆ ಆ ಪಟ್ಟಿ ಕುಟುಂಬದ ಗುಂಪಿನಲ್ಲಿದ್ದ ಎಲ್ಲರ ಫೋನಿನಲ್ಲೂ ತೆರೆದುಕೊಂಡಿತು. ಸೋದರತ್ತೆ 501 ಬರೆಸಿದ್ದು, ಅವರ ವಾರಗಿತ್ತಿ 5,001 ಬರೆಸಿದ್ದು ಒಂದರ ಕೆಳಗೆ ಒಂದು. ಸೋದರತ್ತೆ ಪಾಯಸ ಬಡಿಸುವ ಮೊದಲೇ ಎಲೆ ಮಡಚಿ ಎದ್ದರು. ಈವರೆಗೆ ನಮ್ಮ ಮನೆಯ ಮೆಟ್ಟಿಲು ಹತ್ತಿಲ್ಲ.

ನೀರ್ಚಾಲಿನ ತಂಗಿ, ಮೊದಲ ಪರದೆಯಲ್ಲಿ ಏನಿರಬೇಕೆಂಬ ಚಿಂತೆ ಆಮೇಲಿರಲಿ. ಯಾರಿಗೆ ಏನು ಕಾಣಬಾರದೆಂದು ಮೊದಲು ನೋಡಿ. ದುಡ್ಡಿನ ಪುಟ ಯಜಮಾನ ಮತ್ತು ಯಜಮಾನಿಗೆ ಮಾತ್ರ.

ಉಪ್ಪಳದ ಉದ್ಯಮಿ
ಅತ್ತಿಗೆ, ‘ಎಲ್ಲರಿಗೂ ತೋರಿಸಿ’ ಎಂಬ ಗುಂಡಿಯನ್ನು ಒತ್ತಿದವರು ನಿಮ್ಮ ಮನೆಯವರೇ. ದಾಖಲೆ ನನ್ನಲ್ಲಿದೆ.

ಬಾಯಾರಿನ ಅತ್ತಿಗೆ
ನಮ್ಮ ಮನೆಯ ದಾಖಲೆ ನಿಮ್ಮಲ್ಲಿ ಏಕೆ ಇದೆ? 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂದದ್ದು ಉಪ್ಪಳಕ್ಕೆ ತಲುಪಿಲ್ಲವೇ? ಆ ಗುಂಡಿ ‘ಉಳಿಸಿ’ ಗುಂಡಿಗೆ ಅಂಟಿಕೊಂಡಂತೆ ಇತ್ತು, ಬಣ್ಣವೂ ಒಂದೇ. ಒತ್ತಿದವರು ಎಪ್ಪತ್ತು ದಾಟಿದವರು, ಕನ್ನಡಕವನ್ನು ದೇವರ ಕೋಣೆಯಲ್ಲಿ ಬಿಟ್ಟು ಬಂದಿದ್ದರು.

ಮಂಜೇಶ್ವರದ ಮಾಷ್ಟ್ರು
ಕುಂಬಳೆಯ ಸೊಸೆ ಹೇಳಿದ ಭಾಷೆಯ ವಿಷಯವನ್ನು ಯಾರೂ ಮುಟ್ಟಲಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಾವು ಇದನ್ನೇ ಹೇಳುತ್ತಿದ್ದೇವೆ, ಈಗ ಮೊಬೈಲಿಗೂ ಹೇಳಬೇಕಾಗಿದೆ. ಕನ್ನಡಿಗರ ಮದುವೆಯ ಆಪ್ ಕನ್ನಡದಲ್ಲೇ ತೆರೆಯಲಿ, ಕನ್ನಡದಲ್ಲೇ ಮುಚ್ಚಲಿ.

ಹೊಸದುರ್ಗದವನು
ಮಾಷ್ಟ್ರೇ, ಭಾಷಣಕ್ಕೆ ಚಪ್ಪಾಳೆ. ಚಪ್ಪರ ಹಾಕುವವನಿಗೆ ನೀವು ಹೇಗೆ ಹೇಳುತ್ತೀರಿ? ನನ್ನ ತಂಗಿಯ ಮದುವೆಯಲ್ಲಿ ಚಪ್ಪರದವನಿಗೆ ಮಲಯಾಳ, ಅಡಿಗೆಯವರಿಗೆ ಹವ್ಯಕ ಕನ್ನಡ, ವಾದ್ಯದವರಿಗೆ ತುಳು, ಹೂವಿನವರಿಗೆ ಕೊಂಕಣಿ. ಅಚ್ಚುಕಟ್ಟಾದ ಕನ್ನಡದಲ್ಲಿ ‘ಪ್ರವೇಶದ್ವಾರದ ಅಲಂಕಾರ ಪೂರ್ವದಿಕ್ಕಿಗೆ’ ಎಂದು ಕಳುಹಿಸಿದೆವು. ಅವನು ಹಿಂಬಾಗಿಲಿಗೆ ಕಟ್ಟಿದ. ಬಿಚ್ಚಿ ಕಟ್ಟಲು 2,200 ರೂಪಾಯಿ, ಅದು ಸಾಲದೆಂದು ಅವನ ಬೇಸರ ಬೇರೆ. ಭಾಷೆ ಆಪಿಗಲ್ಲ, ಬಳಸುವ ವ್ಯಕ್ತಿಗೆ ತಕ್ಕಂತೆ ಇರಬೇಕು. ಒಂದೇ ಕೆಲಸ ಅಪ್ಪನಿಗೆ ಕನ್ನಡದಲ್ಲಿ, ಚಪ್ಪರದವನಿಗೆ ಮಲಯಾಳದಲ್ಲಿ ಕಾಣಲಿ.

ಮಂಜೇಶ್ವರದ ಮಾಷ್ಟ್ರು
ಹಿಂಬಾಗಿಲಿಗೆ ಕಟ್ಟಿದ್ದು ಕನ್ನಡದ ದೋಷವಲ್ಲ. ಅಲ್ಲಿ ನಿಂತು ನೋಡಿಕೊಳ್ಳುವವರು ಇರಲಿಲ್ಲ.

ಹೊಸದುರ್ಗದವನು
ನಾವು ಆ ಹೊತ್ತಿಗೆ ಹೇಳಿಕೆಗೆ ಮಂಜೇಶ್ವರಕ್ಕೇ ಬಂದಿದ್ದೆವು. ನಿಮ್ಮ ಮನೆಗೂ ಬಂದಿರಬಹುದು.

ಬದಿಯಡ್ಕದ ಅಳಿಯ
ಜಗಳದ ನಡುವೆ ಮುಖ್ಯವಾದದ್ದನ್ನು ಬಿಟ್ಟಿದ್ದೀರಿ. ಮದುವೆಯ ನೋಂದಣಿ. ಕೇರಳದಲ್ಲಿ ನಡೆದ ಮದುವೆಯನ್ನು 2008ರ ನಿಯಮದಂತೆ 45 ದಿನದೊಳಗೆ ಸ್ಥಳೀಯ ರಿಜಿಸ್ಟ್ರಾರರಲ್ಲಿ, ಅಂದರೆ ಪಂಚಾಯತಿನಲ್ಲೋ ನಗರಸಭೆಯಲ್ಲೋ ನೋಂದಾಯಿಸಬೇಕು. ಈಗ ಕೇರಳದ ಸ್ಥಳೀಯ ಸಂಸ್ಥೆಗಳ ಆನ್‌ಲೈನ್ ತಾಣ ಕೆ-ಸ್ಮಾರ್ಟ್ ಮೂಲಕ ಮನೆಯಿಂದಲೇ ಅರ್ಜಿ ಹಾಕಬಹುದು. ನನ್ನ ಮಾವನವರು ಸಭಾಂಗಣ ದೊಡ್ಡದು ಬೇಕೆಂದು ಮಂಗಳೂರಿನಲ್ಲಿ ಹಿಡಿದರು. ಮದುವೆ ನಡೆದದ್ದು ಕರ್ನಾಟಕದಲ್ಲಾದ್ದರಿಂದ ಈ ಪಂಚಾಯತಿನ ದಾರಿಯೇ ಇರಲಿಲ್ಲ, ಅಲ್ಲಿಯ ಉಪನೋಂದಣಿ ಕಚೇರಿಗೆ ಹೋಗಬೇಕಾಯಿತು. ನಾನು ದುಬೈಗೆ ಹಿಂದಿರುಗುವ ತರಾತುರಿಯಲ್ಲಿದ್ದೆ, ಹೆಂಡತಿಯ ವೀಸಾಕ್ಕೆ ಪ್ರಮಾಣಪತ್ರ ಬೇಕು. ಆಧಾರಿನಲ್ಲಿ ಅವಳ ಹೆಸರಿನ ಕೊನೆಗೆ ಮನೆಯ ಹೆಸರಿದೆ, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರಿದೆ, ಆಮಂತ್ರಣದಲ್ಲಿ ಎರಡೂ ಇಲ್ಲ. ಪ್ರಮಾಣಪತ್ರ ಕೈಗೆ ಬರುವಷ್ಟರಲ್ಲಿ ವಿಮಾನದ ಟಿಕೆಟ್ ಬದಲಾವಣೆಗೆ 11,700, ಅಫಿದವಿತ್ತಿಗೆ 600, ತಲಪಾಡಿಯ ಟೋಲ್ ಹೋಗುವಾಗಲೂ ಬರುವಾಗಲೂ. ಇನ್ವಿಟೇಶನ್ ಅಚ್ಚಿಗೆ ಹೋಗುವ ಮೊದಲು ಮೂರು ದಾಖಲೆಯ ಹೆಸರನ್ನು ತಾಳೆ ನೋಡಿ ಎಂದು ಆಪ್ ನೆನಪಿಸಿದರೆ ನಾನು ಹಣ ಕೊಟ್ಟು ಕೊಳ್ಳುತ್ತೇನೆ.

ಪೆರ್ಲದ ಮಾವ
ಬದಿಯಡ್ಕದಲ್ಲಿ ಸಭಾಭವನ ಇಲ್ಲವೇ? ತಲಪಾಡಿ ದಾಟಿ ಮದುವೆ ಮಾಡಿದರೆ ಹೀಗೇ. ಇಲ್ಲಿಂದ ಬಂದ ಮುದುಕರು ಬಸ್ಸಿಳಿಯುವಾಗ ಮುಹೂರ್ತ ಮುಗಿದಿರುತ್ತದೆ.

ಬದಿಯಡ್ಕದ ಅಳಿಯ
ಖರ್ಚು ಕೊಟ್ಟವರು ಹೆಂಡತಿಯ ಅಪ್ಪ, ಜಾಗ ಆರಿಸಿದವರೂ ಅವರೇ. ನನ್ನನ್ನು ಕೇಳಿದ್ದರೆ ಮಧೂರಿನ ದೇವಸ್ಥಾನದಲ್ಲಿ ಐವತ್ತು ಜನರೊಂದಿಗೆ ಮುಗಿಸುತ್ತಿದ್ದೆ.

ಕುಂಬಳೆಯ ಸೊಸೆ
ಹೀಗೆ ಹೇಳುವ ಗಂಡಸರು ಫೋಟೋಗ್ರಾಫರಿಗೆ ಮಾತ್ರ 65,000 ಕೊಡುತ್ತಾರೆ. ಇರಲಿ. ಮುಹೂರ್ತದ ಮಾತು ಬಂದದ್ದಕ್ಕೆ ಹೇಳುತ್ತೇನೆ: ನಮ್ಮ ಆಪಿನಲ್ಲಿ ಒಳ್ಳೆಯ ದಿನಗಳ ಪಟ್ಟಿಯಿತ್ತು, ಜುಲೈ ಕೊನೆಯಲ್ಲಿ ದಿನ ತೋರಿಸಿತು. ಅದು ಆಟಿ, ತುಳುವರು ಮದುವೆ ಮಾಡದ ತಿಂಗಳು! ನನ್ನ ಗಂಡನ ಮನೆ ತುಳುವರದು, ಆ ಪರದೆಯನ್ನು ನೋಡಿ ಅತ್ತೆ ಫೋನನ್ನೇ ಬೋರಲು ಇಟ್ಟರು.

ಉಪ್ಪಳದ ಉದ್ಯಮಿ
ಅದನ್ನು ನಾನು ಸರಿಪಡಿಸಿದ್ದೇನೆ. ಸೌರಮಾನ, ಚಾಂದ್ರಮಾನ ಎರಡೂ ಇದೆ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ, ಚಾಂದ್ರಮಾನದವರಿಗೆ ಆ ದಿನಗಳು ಕೆಂಪಾಗಿ ಕಾಣುತ್ತವೆ. ಸಂಕ್ರಮಣ ಲೆಕ್ಕದವರಿಗೆ ಕೆಂಪು ಬರುವುದಿಲ್ಲ. ಬೇರೆ ಯಾವ ಆಪಿನಲ್ಲಿದೆ ಹೇಳಿ.

ಮಂಜೇಶ್ವರದ ಮಾಷ್ಟ್ರು
ಸಂಕ್ರಮಣ ಲೆಕ್ಕದವರೂ ಅಧಿಕ ಮಾಸ ನೋಡುವುದುಂಟು, ಮನೆಯಿಂದ ಮನೆಗೆ ಬೇರೆ. ಕೆಂಪು ಬಳಿಯುವ ಮೊದಲು ಜೋಯಿಸರನ್ನು ಕೇಳಿದ್ದೀರಾ?

ಉಪ್ಪಳದ ಉದ್ಯಮಿ
ಕೇಳಿದ್ದೇನೆ. ಇಬ್ಬರನ್ನು ಕೇಳಿದೆ, ಎರಡು ಉತ್ತರ ಬಂತು.

ನೀರ್ಚಾಲಿನವಳು
ಎಲ್ಲರಿಗೂ ಧನ್ಯವಾದ. ಮನೆಯ ಹೆಸರಿನ ಪಟ್ಟಿ, ಮುಚ್ಚಿದ ದುಡ್ಡಿನ ಪುಟ, ವ್ಯಕ್ತಿಗೊಂದು ಭಾಷೆ, ಹೆಸರು ತಾಳೆ ನೋಡುವುದು, ಎಲ್ಲವನ್ನೂ ಬರೆದುಕೊಂಡೆ. ಒಟಿಪಿ ಬದಲು ಮನೆಯ ಒಬ್ಬರು ವಾಟ್ಸಾಪಿನಲ್ಲಿ ಕೊಂಡಿ ಕಳುಹಿಸಿ ಒಳಗೆ ಸೇರಿಸಿಕೊಳ್ಳುವ ವ್ಯವಸ್ಥೆ ಮಾಡಿದರೆ ಹೇಗೆ? ಪ್ರಸಾರ ಪಟ್ಟಿಯಲ್ಲಿ ಒಮ್ಮೆಗೇ ಎಲ್ಲರಿಗೂ ಹೋಗುತ್ತದೆ.

ಹೊಸದುರ್ಗದವನು
ಪ್ರಸಾರ ಪಟ್ಟಿಗೆ 256 ಜನರ ಮಿತಿ. ನಿಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ನಮ್ಮ ದೊಡ್ಡಪ್ಪನಿಗೆ ತಲುಪಲಿಲ್ಲ, ಆಮಂತ್ರಣವೇ ಇಲ್ಲವೆಂದು ತಿಳಿದುಕೊಂಡರು. ಹಿರಿಯರಿಗೆ ಪಕ್ಕದಲ್ಲಿ ಕುಳಿತು ಒಮ್ಮೆ ತೆರೆದುಕೊಡಿ, ಮತ್ತೆ ಹೊರಗೆ ಹಾಕಬೇಡಿ. ಬಾಯಾರು, ಪೆರ್ಲದ ಗುಡ್ಡಗಳಲ್ಲಿ ನೆಟ್‌ವರ್ಕ್ ಹೋದಾಗಲೂ ಪಟ್ಟಿ ಕಾಣುವಂತಿರಲಿ.

ಬಾಯಾರಿನ ಅತ್ತಿಗೆ
ಬಾಯಾರಿನಲ್ಲಿ ನೆಟ್‌ವರ್ಕ್ ಚೆನ್ನಾಗಿದೆ. 501 ರೂಪಾಯಿ ಎಲ್ಲರಿಗೂ ತಲುಪಿದ್ದು ಅದರಿಂದಲೇ.

ಪೆರ್ಲದ ಮಾವ
ನೀರ್ಚಾಲಿನ ಮಗಳೇ, ಮದುವೆ ಎಂದು? ಏಪ್ರಿಲ್ ಕೊನೆಗೆ ಎಂದಾದರೆ ಚಿಕ್ಕವಳದ್ದೂ ಅದೇ ವಾರ. ಅಡಿಗೆಯವರಿಗೆ ನಾನು ಆಗಲೇ ಮುಂಗಡ ಕೊಟ್ಟಾಗಿದೆ, ನೀವು ಬೇರೆಯವರನ್ನು ಹುಡುಕಿಕೊಳ್ಳಿ.

ಕುಂಬಳೆಯ ಸೊಸೆ
ಮಾವ, ಅದೇ ಅಡಿಗೆಯವರಾದರೆ ನನ್ನ ಅಣ್ಣನ ಮದುವೆಗೂ ಅವರು ಅದೇ ವಾರಕ್ಕೆ ಒಪ್ಪಿಕೊಂಡಿದ್ದಾರೆ. ನಾವೂ ಮುಂಗಡ ಕೊಟ್ಟಿದ್ದೇವೆ, 5,000. ನಿಮ್ಮದು ಎಷ್ಟನೇ ತಾರೀಕು?